ಅಜ್ಜನ ಟ್ರಂಕು ಯಾರಿಗೆ ಸೇರಬೇಕು? ಪಾದ್ರಿಗಳ ಖಾಸಗಿ ಕಾಗದಪತ್ರಗಳನ್ನು ಉಳಿಸುವ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇವೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇವೆ.)



ಹೋದ ತಿಂಗಳು ದಾವಣಗೆರೆ ವಿದ್ಯಾನಗರದಿಂದ ಕೇಳುಗರೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ್ರು. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳಲ್ಲ. ಅವರ ಅಜ್ಜ ಸಭಾಪಾಲಕರಾಗಿದ್ದವರು. ನಮ್ಮ ಕಡೆ ಮಾತಲ್ಲಿ ಪಾದ್ರಿ ಅಯ್ಯನವರು. ಹೊಳೆಯ ಆಚೆ ಒಂದಷ್ಟು ವರ್ಷ, ಈಚೆ ಒಂದಷ್ಟು ವರ್ಷ ಸೇವೆ ಮಾಡಿ, ರಿಟೈರ್ ಆಗಿ ವಿದ್ಯಾನಗರದಲ್ಲಿ ಮನೆ ಕಟ್ಟಿಸಿದ್ರು. ಈಗ ಆ ಮನೆ ಕೆಡವಿ ಮೂರಂತಸ್ತು ಎಬ್ಬಿಸಬೇಕು ಅಂತ ಮೊಮ್ಮಕ್ಕಳ ತೀರ್ಮಾನ. ಸಜ್ಜಾದ ಮೇಲೆ ಎರಡು ಕಬ್ಬಿಣದ ಟ್ರಂಕು. ಮೆಸೇಜ್‌ನ ಕೊನೆಯಲ್ಲಿ ಆ ಅಕ್ಕ ಹೇಳಿದ ಮಾತು ಇದು: "ನಮ್ಮಣ್ಣ ರದ್ದಿಯವ್ರಿಗೆ ಫೋನ್ ಮಾಡ್ಯಾನ್ರೀ, ಕೆ.ಜಿ.ಗೆ 14 ರೂಪಾಯಿ ಅಂತೆ. ನಂಗ್ಯಾಕೋ ಮನಸು ಬರ್ತಿಲ್ಲ. ಏನ್ ಮಾಡ್ಬೇಕ್ರೀ ಇವನ್ನ?"

ಒಳ್ಳೇ ಪ್ರಶ್ನೆ. ಒಂದು ವಾಕ್ಯದ ಉತ್ತರ ಇಲ್ಲ, ಅದಕ್ಕೇ ಇಡೀ ಸಂಚಿಕೆ. ಒಂದು ಭಾನುವಾರ ಮಧ್ಯಾಹ್ನ ರೆಕಾರ್ಡರ್ ಹಿಡ್ಕೊಂಡು ಅವರ ಮನೆಗೇ ಹೋದೆ. ಟ್ರಂಕು ಇಳಿಸಿದ್ವಿ. ನುಸಿಗುಳಿಗೆ ವಾಸನೆ ಮುಖಕ್ಕೆ ಹೊಡೀತು. ಒಳಗೆ ಏನಿತ್ತು ಅಂದ್ರೆ, ಭಾನುವಾರದ ಪ್ರಸಂಗಗಳ ನೋಟ್‌ಬುಕ್ಕು, ಹೊಲಿದ ಬೈಂಡಿನವು. ವರ್ಷಕ್ಕೊಂದರಂತೆ ಡೈರಿ, ನಡುವೆ ಕೆಲವು ವರ್ಷ ಇಲ್ಲ. ಇನ್‌ಲ್ಯಾಂಡ್ ಲೆಟರ್, ಪೋಸ್ಟ್‌ಕಾರ್ಡುಗಳ ಕಟ್ಟು, ರಬ್ಬರ್ ಬ್ಯಾಂಡ್ ಕರಗಿ ಕಾಗದಕ್ಕೇ ಅಂಟಿಕೊಂಡಿದೆ. ಕೈಯಲ್ಲಿ ಬರೆದ ಕೀರ್ತನೆಗಳು. ಕ್ರಿಸ್ಮಸ್ ನಾಟಕದ ಸ್ಕ್ರಿಪ್ಟು, ಯಾರ್ಯಾರು ಯಾವ ಪಾತ್ರ ಅಂತ ಪಟ್ಟಿ ಸಮೇತ. ಯಾವ ಯಾವ ಮನೆಗೆ ಭೇಟಿ ಕೊಟ್ಟೆ, ಯಾರಿಗೆ ಕಾಯಿಲೆ, ಯಾರಿಗೆ ಸಾಲ ಅಂತ ಬರೆದಿಟ್ಟ ಸಣ್ಣ ಪಾಕೆಟ್ ಪುಸ್ತಕಗಳು. ಆಮೇಲೆ ತಳದಲ್ಲಿ, ಉದ್ದನೆಯ ಒಂದು ರಿಜಿಸ್ಟರು. ಅದರ ವಿಷಯಕ್ಕೆ ಆಮೇಲೆ ಬರ್ತೀನಿ, ಅದೇ ಸ್ವಲ್ಪ ತಲೆನೋವಿನ ವಸ್ತು.

ಮೊದಲು ಒಂದು ಪ್ರಶ್ನೆ ಕೇಳ್ಕೋಬೇಕು. ಪಾದ್ರಿಗಳ ಕಾಗದಪತ್ರ ಯಾರಿಗೆ ಬೇಕು? ಸಭೆಯವರಿಗೆ ಬಿಟ್ಟರೆ ಇನ್ಯಾರಿಗಾದ್ರೂ ಬೇಕಾ?

ಬೇಕು. ನಮ್ಮ ಸುತ್ತಮುತ್ತಲಿನದೇ ಉದಾಹರಣೆ ಇದೆ. ದಾವಣಗೆರೆಯಿಂದ ಹರಪನಹಳ್ಳಿ ದಾಟಿ ಹೋದ್ರೆ ಹೂವಿನಹಡಗಲಿ ತಾಲ್ಲೂಕು. ಅಲ್ಲಿ ಉತ್ತಂಗಿ ಅಂತ ಒಂದು ಊರು. ಆ ಊರಿನ ಹೆಸರು ಹೊತ್ತವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಹುಟ್ಟಿದ್ದು, 1962ರಲ್ಲಿ ತೀರಿಕೊಂಡಿದ್ದು. ಬಾಸೆಲ್ ಮಿಶನ್ನಿನ ಸಭಾಪಾಲಕರು. ಈ ಪಾದ್ರಿ ಊರೂರು ತಿರುಗಿ, ಜನರ ಬಾಯಿಂದಲೂ ಹಳೇ ಪ್ರತಿಗಳಿಂದಲೂ ತ್ರಿಪದಿ ಕೂಡಿಹಾಕಿ, 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಹೊರತಂದ್ರು. ಸರ್ವಜ್ಞನ ಹೆಸರಿಗೆ ತಳುಕು ಹಾಕಿಕೊಂಡಿರೋ ಮಾಸೂರು, ಅಬಲೂರು ಇಲ್ಲೇ ಹೊಳೆ ದಾಟಿದ್ರೆ ಹಾವೇರಿ ಜಿಲ್ಲೆ, ಹರಿಹರದವರಿಗೆ ಪಕ್ಕದ ಮನೆ ಇದ್ದ ಹಾಗೆ. ಇವತ್ತು ನಾವು ಮಾತಿಗೊಮ್ಮೆ ಹೇಳೋ ಸರ್ವಜ್ಞನ ಪದಗಳು ಒಂದು ಕಡೆ ಸಿಗೋದಕ್ಕೆ ಒಬ್ಬ ಪಾದ್ರಿಯ ದುಡಿಮೆ ಕಾರಣ. ಆಮೇಲೆ ಅವರು ವಚನ ಸಾಹಿತ್ಯಕ್ಕೆ ಇಳಿದರು, ಅನುಭವ ಮಂಟಪದ ಐತಿಹಾಸಿಕತೆ ಬಗ್ಗೆ ಪುಸ್ತಕ ಬರೆದರು. 1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು.

ಉತ್ತಂಗಿಯವರದ್ದು ಅಚ್ಚಾಯಿತು, ಅದಕ್ಕೆ ಉಳೀತು. ಅಚ್ಚಾಗದವರದ್ದು? ಹಳ್ಳಿ ಸಭೆಗಳಲ್ಲಿ ಮೂವತ್ತು ನಲವತ್ತು ವರ್ಷ ಇದ್ದವರು ಬರಗಾಲ ನೋಡಿದ್ದಾರೆ, ಪ್ಲೇಗು ಕಾಲರಾ ನೋಡಿದ್ದಾರೆ, ಶಾಲೆ ನಡೆಸಿದ್ದಾರೆ, ಯಾರ ಮನೆಯಲ್ಲಿ ಯಾವ ಹಾಡು ಹಾಡ್ತಾರೆ ಅಂತ ಬರೆದಿಟ್ಟಿದ್ದಾರೆ. ಓದು ಬರಹ ಬಲ್ಲ ಮನುಷ್ಯ, ವಾರಕ್ಕೊಮ್ಮೆ ಬರೆಯಲೇಬೇಕಾದ ಕೆಲಸ, ಎಲ್ಲಾ ಜಾತಿ ಕೇರಿಗಳಿಗೂ ಕಾಲಿಡುವ ಅವಕಾಶ. ಇಂಥ ಮೂರೂ ಸೇರಿದ ಉದ್ಯೋಗ ನೂರು ವರ್ಷದ ಹಿಂದೆ ನಮ್ಮ ಸೀಮೆಯಲ್ಲಿ ಇನ್ನೆಷ್ಟಿತ್ತು ಹೇಳಿ?

ಈಗ ಸಮಸ್ಯೆ. ಈ ಭಾಗದ ಪಾದ್ರಿಗಳ ಕಾಗದ ಎಲ್ಲಿವೆ ಅಂತ ಹುಡುಕಿದ್ರೆ, ಹರಿಹರದ ಸೇತುವೆ ಮೇಲೆ ನಿಂತು ಯೋಚಿಸಬೇಕಾಗುತ್ತೆ. ತಮಾಷೆ ಅಲ್ಲ. ಬ್ರಿಟಿಷರ ಕಾಲದಲ್ಲಿ ಹರಿಹರ, ದಾವಣಗೆರೆ ಮೈಸೂರು ಸಂಸ್ಥಾನ. ಹೊಳೆ ದಾಟಿದ್ರೆ ರಾಣೆಬೆನ್ನೂರು, ಅದು ಧಾರವಾಡ ಜಿಲ್ಲೆ, ಮುಂಬೈ ಪ್ರೆಸಿಡೆನ್ಸಿ. ಈ ಕಡೆ ಹರಪನಹಳ್ಳಿ, ಹಡಗಲಿ ಬಳ್ಳಾರಿ ಜಿಲ್ಲೆ, ಮದರಾಸು ಪ್ರೆಸಿಡೆನ್ಸಿ. ಒಂದು ದಿನದ ಬಂಡಿ ಪ್ರಯಾಣದಲ್ಲಿ ಮೂರು ಸರ್ಕಾರ. ಮಿಶನ್‌ಗಳೂ ಹಾಗೇ ಹಂಚಿಕೊಂಡವು. ಧಾರವಾಡ ಕಡೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್. ಅವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, 1837ರ ಹೊತ್ತಿಗೆ ಧಾರವಾಡ, ಆಮೇಲೆ ಹುಬ್ಬಳ್ಳಿ, ಗದಗ ಬೆಟಗೇರಿ ಅಂತ ಹಬ್ಬಿದರು. ಬಳ್ಳಾರಿ ಕಡೆ ಲಂಡನ್ ಮಿಶನ್, 1810ರಲ್ಲೇ ಜಾನ್ ಹ್ಯಾಂಡ್ಸ್ ಅಲ್ಲಿಗೆ ಬಂದಿದ್ದರು, ಕನ್ನಡ ಬೈಬಲ್ ಅನುವಾದದ ಕೆಲಸ ಮಾಡಿದವರು ಅವರೇ. ಮೈಸೂರು ಸಂಸ್ಥಾನದ ಊರುಗಳಲ್ಲಿ ಹೆಚ್ಚಾಗಿ ವೆಸ್ಲಿಯನ್ ಮೆಥೊಡಿಸ್ಟರು.

ಕಾಗದಪತ್ರ ಮಿಶನ್ನಿನ ಹಿಂದೆ ಹೋಗುತ್ತೆ. ಬಾಸೆಲ್ ಮಿಶನ್ನಿನದು ಬಾಸೆಲ್ ಊರಿನಲ್ಲಿ, ಈಗ ಮಿಶನ್ 21 ಅನ್ನೋ ಸಂಸ್ಥೆಯ ದಾಖಲೆಗಾರದಲ್ಲಿದೆ. ಲಂಡನ್ ಮಿಶನ್ನಿನ ದಾಖಲೆ 1973ರಲ್ಲಿ, ಮೆಥೊಡಿಸ್ಟ್ ಮಿಶನ್ನಿನದು 1978ರಲ್ಲಿ ಲಂಡನ್ನಿನ ಸೋವಾಸ್ ವಿದ್ಯಾಸಂಸ್ಥೆಯ ಲೈಬ್ರರಿ ಸೇರಿದವು. ಇನ್ನು ಹರಿಹರದ ಹತ್ತಿರ 1865ರವರೆಗೆ ಬ್ರಿಟಿಷರ ದಂಡು ಇತ್ತು. ದಂಡಿನ ಪಾದ್ರಿಗಳು ಮಾಡಿಸಿದ ಮದುವೆ, ಮಣ್ಣು, ದೀಕ್ಷಾಸ್ನಾನಗಳ ಲೆಕ್ಕದ ಪ್ರತಿ ಪ್ರೆಸಿಡೆನ್ಸಿ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಆ ಸರಣಿ ಇವತ್ತು ಬ್ರಿಟಿಷ್ ಲೈಬ್ರರಿಯಲ್ಲಿ ಇದೆ. ಅಂದ್ರೆ ದಾವಣಗೆರೆ ಸುತ್ತ ಮೂವತ್ತು ನಲವತ್ತು ಮೈಲಿಯ ಕಥೆ ಓದಬೇಕು ಅಂದ್ರೆ ಎರಡು ದೇಶದ ವೀಸಾ ಬೇಕು.

ಹಾಗಂತ ಅವರನ್ನು ಬೈಯೋಕಾಗಲ್ಲ. ಇಟ್ಟುಕೊಂಡಿದ್ದಾರೆ, ಉಳಿಸಿದ್ದಾರೆ. ಬಾಸೆಲ್‌ನವರು ಬಿಗಿ ಜನ. ಇಲ್ಲಿದ್ದ ಪ್ರತಿ ಮಿಶನರಿಯೂ ಕಮಿಟಿಗೆ ವರದಿ ಬರೀಲೇಬೇಕು, ಮಿಶನ್ ಸೇರುವಾಗಲೇ ತನ್ನ ಜೀವನದ ವೃತ್ತಾಂತ ಬರೆದುಕೊಡಬೇಕು. ನಿಘಂಟಿನ ಕಿಟೆಲ್ ಇರಲಿ, 1843ರಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದ ಮೋಗ್ಲಿಂಗ್ ಇರಲಿ, ಅವರ ಜಗಳ, ಬೇಸರ, ಕಮಿಟಿ ಜೊತೆಗಿನ ತಕರಾರು ಎಲ್ಲ ಇವತ್ತು ನಮಗೆ ಗೊತ್ತಿರೋದು ಆ ಪತ್ರಗಳಿಂದ.

ಆದರೆ ಒಂದು ಸೂಕ್ಷ್ಮ ಇದೆ, ದಯವಿಟ್ಟು ಗಮನಿಸಿ. ಹಾಗೆ ನಿಯಮ ಮಾಡಿ ಬರೆಸಿ, ಕಟ್ಟು ಕಟ್ಟಿ ಇಟ್ಟಿದ್ದು ಮುಖ್ಯವಾಗಿ ಯುರೋಪಿನವರದ್ದು. ಅವರ ಜೊತೆ ಬಿಸಿಲಲ್ಲಿ ನಡೆದ ನಮ್ಮ ಉಪದೇಶಿಗಳು, ಶಾಲಾ ಮಾಸ್ತರುಗಳು, ಬೈಬಲ್ ಓದಿ ಹೇಳೋಕೆ ಮನೆಮನೆಗೆ ಹೋಗುತ್ತಿದ್ದ ಹೆಂಗಸರು ಆ ವರದಿಗಳಲ್ಲಿ ಎಷ್ಟೋ ಸಲ ಒಂದು ಹೆಸರು, ಇಲ್ಲ ಒಂದು ಸಂಖ್ಯೆ. ಅವರು ತಾವೇ ಬರೆದದ್ದು ಎಲ್ಲಾದರೂ ಇದ್ದರೆ ಅದು ಬಾಸೆಲ್‌ನಲ್ಲೋ ಲಂಡನ್‌ನಲ್ಲೋ ಇರೋದಕ್ಕಿಂತ ಇಂಥದ್ದೊಂದು ಟ್ರಂಕಿನಲ್ಲಿರೋ ಸಾಧ್ಯತೆಯೇ ಜಾಸ್ತಿ. ಎರಡನೇ ಪ್ರತಿ ಇರಲ್ಲ. ರದ್ದಿ ಅಂಗಡಿಯ ತಕ್ಕಡಿ ಮೇಲೆ ಹೋಯಿತು ಅಂದ್ರೆ ಹೋಯಿತು.

ಮನೆಯವರು ಇಟ್ಟುಕೊಂಡದ್ದು ಕೊನೆಗೆ ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ಮಲಯಾಳಂನದೊಂದು ಉದಾಹರಣೆ ಹೇಳ್ತೀನಿ. ಹೆರ್ಮಾನ್ ಗುಂಡರ್ಟ್, ಇವರೂ ಬಾಸೆಲ್ ಮಿಶನ್ನಿನವರೇ. ತಲಶ್ಶೇರಿಯಲ್ಲಿದ್ದು ಮಲಯಾಳಂ ನಿಘಂಟು ಮಾಡಿದವರು. ಜರ್ಮನ್ ಲೇಖಕ ಹೆರ್ಮಾನ್ ಹೆಸ್ಸೆಯ ತಾಯಿಯ ತಂದೆ. ವಾಪಸ್ ಹೋಗುವಾಗ ತಮ್ಮ ಕೈಬರಹ, ಓಲೆಗರಿ ಎಲ್ಲ ಒಯ್ದರು. ಅವು ಟ್ಯುಬಿಂಗನ್ ವಿಶ್ವವಿದ್ಯಾಲಯದ ಲೈಬ್ರರಿ ಸೇರಿ ಎಷ್ಟೋ ಕಾಲ ಯಾರೂ ಕೇಳೋರಿಲ್ಲದೆ ಕೂತಿದ್ದವು. 1980ರ ದಶಕದಲ್ಲಿ ಕೇರಳದ ವಿದ್ವಾಂಸರು ಹೋಗಿ ನೋಡಿದರೆ, ಅದರಲ್ಲಿ 'ಪಯ್ಯನ್ನೂರ್ ಪಾಟ್ಟ್' ಇತ್ತು! ಗುಂಡರ್ಟರೇ ಹೆಸರು ಹೇಳಿದ್ದ, ಕಳೆದೇಹೋಯಿತು ಅಂದುಕೊಂಡಿದ್ದ ಹಳೇ ಮಲಯಾಳಂ ಕಾವ್ಯ. 2018ರಲ್ಲಿ ಆ ಇಡೀ ಸಂಗ್ರಹವನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಬಿಟ್ಟಿದ್ದಾರೆ, ನಾವು ನೀವು ಇಲ್ಲೇ ಕೂತು ಓದಬಹುದು. ಅದರೊಳಗೆ ಕನ್ನಡದ ಪುಸ್ತಕಗಳೂ ಇವೆ. ಗುಂಡರ್ಟರ ಡೈರಿ ಅವರು ಸತ್ತು ಎಷ್ಟೋ ದಶಕದ ಮೇಲೆ ಪುಸ್ತಕವಾಗಿ ಬಂತು.

ಸರಿ, ವಿದ್ಯಾನಗರಕ್ಕೆ ವಾಪಸ್ ಬರೋಣ. ಆ ಉದ್ದನೆ ರಿಜಿಸ್ಟರ್ ನೆನಪಿದೆಯಲ್ಲ? ತೆಗೆದು ನೋಡಿದರೆ ಮದುವೆಗಳ ರಿಜಿಸ್ಟರು. ಅಕ್ಕ ಕೇಳಿದ್ರು, "ಇದೂ ಅಜ್ಜಂದೇ ಅಲ್ವ್ರಾ?" ಅಲ್ಲ. ಇಲ್ಲೇ ಎಲ್ಲರೂ ಎಡವೋದು. ಪಾದ್ರಿಯ ಕೈಬರಹ ಇದ್ದ ಮಾತ್ರಕ್ಕೆ ಅದು ಪಾದ್ರಿಯ ಖಾಸಗಿ ಕಾಗದ ಆಗಲ್ಲ. ದೀಕ್ಷಾಸ್ನಾನದ ಪುಸ್ತಕ, ಮಣ್ಣು ಮಾಡಿದ ಪುಸ್ತಕ, ಸಭಾ ಸಮಿತಿಯ ನಡಾವಳಿ, ಲೆಕ್ಕದ ಪುಸ್ತಕ ಇವೆಲ್ಲ ಸಭೆಯ ಆಸ್ತಿ. ಮದುವೆ ರಿಜಿಸ್ಟರಂತೂ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆ ಪ್ರಕಾರ ಇಡುವಂಥದ್ದು, ಯಾರದೋ ಪಾಸ್‌ಪೋರ್ಟಿಗೆ, ಪಿಂಚಣಿಗೆ, ಆಸ್ತಿ ಹಂಚಿಕೆಗೆ ಅದೊಂದೇ ಪುರಾವೆ ಆಗಿರಬಹುದು. ವರ್ಗಾವಣೆ ಗಡಿಬಿಡಿಯಲ್ಲಿ ಸಾಮಾನಿನ ಜೊತೆ ಮನೆಗೆ ಬಂದಿರುತ್ತೆ, ಕಳ್ಳತನ ಏನಲ್ಲ. ಅಂಥದ್ದು ಸಿಕ್ಕಿದರೆ ಯಾವ ಸಭೆಯದೋ ಆ ಸಭೆಗೆ ಮುಟ್ಟಿಸಿ, ಮುಟ್ಟಿಸಿದ್ದಕ್ಕೆ ಒಂದು ಸಹಿ ಹಾಕಿಸಿಕೊಳ್ಳಿ. ಪ್ರಸಂಗದ ಟಿಪ್ಪಣಿ, ಡೈರಿ, ಬಂದ ಪತ್ರ, ಫೋಟೋ, ಕೀರ್ತನೆ ಇವು ಕುಟುಂಬದವು. ನಡುವೆ ಬೂದುಬಣ್ಣದ ಜಾಗ ಒಂದಿದೆ. ಪಾದ್ರಿ ಬಿಷಪ್ಪರಿಗೆ ಬರೆದ ಪತ್ರದ ಕಾರ್ಬನ್ ಕಾಪಿ ಯಾರದು? ನನ್ನ ಕೇಳಿದ್ರೆ, ಮನೇಲಿ ಉಳಿದಿದ್ದರೆ ಖಾಸಗಿ ಕಟ್ಟಿನ ಜೊತೆಗೇ ಇರಲಿ, ಅಲ್ಲಿಂದ ಬೇರೆ ಮಾಡಬೇಡಿ. ಯಾಕೆ ಅಂತ ಹೇಳ್ತೀನಿ.

ದಾಖಲೆಗಾರದವರ ಮೊದಲ ಪಾಠ ಅಂದ್ರೆ ಇದ್ದ ಕ್ರಮ ಕೆಡಿಸಬೇಡಿ ಅನ್ನೋದು. ನಮಗೆ ಕೈ ಹಾಕಿದ ಕೂಡಲೇ ಜೋಡಿಸೋ ಚಟ. ಪತ್ರಗಳೆಲ್ಲ ಒಂದು ಕಡೆ, ಫೋಟೋ ಎಲ್ಲ ಒಂದು ಕಡೆ, ಇಸವಿ ಪ್ರಕಾರ. ನಿಲ್ಲಿ. ಒಂದು ಪ್ರಸಂಗದ ನೋಟ್‌ಬುಕ್ಕಿನ ನಡುವೆ ಆಸ್ಪತ್ರೆ ಚೀಟಿ ಸಿಕ್ಕಿತು ಅನ್ನಿ. ಆ ವಾರ ಅವರು ಯಾಕೆ ಯೋಬನ ಕಷ್ಟದ ಮೇಲೆ ಮಾತಾಡಿದರು ಅನ್ನೋದು ಆ ಚೀಟಿ ಅಲ್ಲೇ ಇದ್ದರೆ ಮಾತ್ರ ಗೊತ್ತಾಗೋದು. ಎತ್ತಿ ಬೇರೆ ಇಟ್ಟರೆ ಅದು ಬರೀ ಚೀಟಿ. ಅದಕ್ಕೆ ನಾವು ಆ ದಿನ ಮಾಡಿದ್ದು ಇಷ್ಟೇ. ಟ್ರಂಕಿನ ಮೇಲಿಂದ ಕೆಳಕ್ಕೆ, ಪದರ ಪದರವಾಗಿ ಮೊಬೈಲಲ್ಲಿ ಫೋಟೋ ತೆಗೆದ್ವಿ. ಒಂದೊಂದು ಕಟ್ಟಿಗೂ ಒಂದು ನಂಬರು, ಪೆನ್ಸಿಲ್ಲಲ್ಲಿ, ಬೇರೆ ಚೀಟಿಯ ಮೇಲೆ. ಪೆನ್ನು ಆ ಕೋಣೆಗೇ ತರಲಿಲ್ಲ. ಒಂದು ನೋಟ್‌ಬುಕ್ಕಲ್ಲಿ ಪಟ್ಟಿ: ನಂಬರು, ಏನು, ಯಾವ ವರ್ಷ, ಎಷ್ಟು ಪುಟ ಅಂದಾಜು, ಸ್ಥಿತಿ ಹೇಗಿದೆ. ಮೂರು ತಾಸಿನಲ್ಲಿ ಒಂದು ಟ್ರಂಕು ಮುಗೀತು. ಪಟ್ಟಿ ಇಲ್ಲದೆ ಯಾವ ಸಂಸ್ಥೆಗೂ ಏನನ್ನೂ ಕೊಡಬೇಡಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಪಟ್ಟಿ ಇಲ್ಲದ ಕಾಗದ ಕಳೆದರೂ ಕಳೆಯಿತು ಅಂತ ಗೊತ್ತಾಗಲ್ಲ.

ಕಾಗದ ಹಾಳಾಗೋದು ಹೇಗೆ? ಹಳೇ ನೀಲಿಗಪ್ಪು ಮಸಿ ಇದೆಯಲ್ಲ, ದೌತಿಯಲ್ಲಿ ಅದ್ದಿ ಬರೀತಿದ್ದ ಮಸಿ, ಅದರಲ್ಲಿ ಕಬ್ಬಿಣದ ಅಂಶ ಇರುತ್ತೆ, ಹುಳಿಯೂ ಇರುತ್ತೆ. ಕಾಲ ಕಳೆದಂತೆ ಕಂದು ಬಣ್ಣಕ್ಕೆ ತಿರುಗಿ ಅಕ್ಷರ ಇದ್ದ ಜಾಗದಲ್ಲೇ ಕಾಗದವನ್ನು ತಿಂದುಬಿಡುತ್ತೆ. ತೇವ ತಾಕಿದರೆ ಇನ್ನೂ ಜೋರು. ಆಮೇಲೆ ಎರಡನೇ ಮಹಾಯುದ್ಧದ ಕಾಲದ ಕಾಗದ, ಅಗ್ಗದ್ದು, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತೆ. ಗುಂಡುಸೂಜಿ, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಸುತ್ತ ಕಲೆ. ಗೆದ್ದಲು, ಜಿರಳೆ, ಆಮೇಲೆ ಆ ಬೆಳ್ಳಗೆ ಮಿನುಗೋ ಪುಸ್ತಕದ ಹುಳ, ಅದಕ್ಕೆ ಬೈಂಡಿನ ಗಂಜಿ ಅಂದ್ರೆ ಪ್ರಾಣ.

ಹುಳಕ್ಕಿಂತ ದೊಡ್ಡ ಶತ್ರು ಪ್ರೀತಿ ಜಾಸ್ತಿ ಇರೋ ಮನೆಯವರು! ನಗಬೇಡಿ. ಹರಿದ ಪತ್ರಕ್ಕೆ ಸೆಲೊಟೇಪ್ ಹಚ್ಚುತ್ತಾರೆ. ಹತ್ತು ವರ್ಷಕ್ಕೆ ಆ ಟೇಪಿನ ಅಂಟು ಹಳದಿಯಾಗಿ ಕಾಗದದೊಳಗೆ ಇಳಿದು ಅಕ್ಷರ ಮುಚ್ಚುತ್ತೆ. ಅದಕ್ಕಿಂತ ಕೆಟ್ಟದ್ದು ಲ್ಯಾಮಿನೇಶನ್. ಜೆರಾಕ್ಸ್ ಅಂಗಡಿಗೆ ಒಯ್ದು ಅಜ್ಜನ ಪತ್ರ ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಹಾಕ್ತಾರೆ. ಬಿಸಿ ಕೊಟ್ಟು ಅಂಟಿಸಿದ್ದು, ವಾಪಸ್ ಬಿಡಿಸೋಕೆ ಬರಲ್ಲ. ಗೋಡೆಗೆ ಹಾಕಬೇಕು ಅಂದ್ರೆ ಕಲರ್ ಜೆರಾಕ್ಸ್ ತೆಗೆಸಿ ಹಾಕಿ, ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಕವರು ಬೇಡ. ನ್ಯೂಸ್‌ಪೇಪರಲ್ಲಿ ಸುತ್ತಬೇಡಿ, ಅದರ ಹುಳಿ ಒಳಗಿನ ಕಾಗದಕ್ಕೂ ಹತ್ತುತ್ತೆ. ಶುಭ್ರ ಹತ್ತಿ ಬಟ್ಟೆ, ಒಗೆದು ಗಂಜಿ ತೆಗೆದದ್ದು, ಅಥವಾ ಹುಳಿ ಇಲ್ಲದ ಫೋಲ್ಡರ್ ಸಿಕ್ಕಿದರೆ ಅದು. ಬೀರುವನ್ನು ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಇಡಿ, ನೆಲದಿಂದಲೂ ಮೇಲೆ. ಹುಳದ ಔಷಧಿ ಸಿಂಪಡಿಸೋದಂತೂ ಬೇಡವೇ ಬೇಡ.

ಒಂದು ವಿಷಯದಲ್ಲಿ ದಾವಣಗೆರೆಯವರು ಅದೃಷ್ಟವಂತರು. ಮಂಗಳೂರಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ. ಇಲ್ಲಿ ಅದರ ಐದನೇ ಒಂದು ಪಾಲು ಬಂದರೆ ದೊಡ್ಡದು. ಅಂದ್ರೆ ನಮ್ಮ ಒಣ ಹವೆ ಕಾಗದಕ್ಕೆ ಒಳ್ಳೇದು. ಬಿಸಿಲಿನ ಸಜ್ಜಾದಲ್ಲಿ, ಶೀಟಿನ ಕೆಳಗೆ ಇಡಬಾರದು ಅಷ್ಟೇ. ಮಹಡಿ ಮನೆಯ ನಡುಕೋಣೆ, ಬಿಸಿಲು ಬೀಳದ ಕಡೆ, ಸಾಕು.

ಇನ್ನು ಕಷ್ಟದ ಮಾತು. ಎರಡನೇ ಟ್ರಂಕಿನ ಹೊತ್ತಿಗೆ ಅಕ್ಕನ ಅಣ್ಣನೂ ಬಂದು ಕೂತ್ರು. ಒಂದು ಡೈರಿ ತೆಗೆದು ಎರಡು ಪುಟ ಓದಿ ಮುಚ್ಚಿದ್ರು. "ಇದನ್ನ ಸುಡ್ಬೇಕು ನೋಡ್ರಿ. ಇದ್ರಾಗ ಇರೋರ ಮೊಮ್ಮಕ್ಳು ಇನ್ನೂ ಇದೇ ಊರಾಗ ಅದಾರೆ." ಅಕ್ಕ ಸುಮ್ಮನಾದ್ರು. ನನಗೂ ಒಂದು ಕ್ಷಣ ಏನು ಹೇಳಬೇಕೋ ತೋಚಲಿಲ್ಲ.

ಅವರ ಭಯ ಸುಳ್ಳಲ್ಲ. ಪಾದ್ರಿಯ ಹತ್ತಿರ ಜನ ಬಂದು ಏನೇನೋ ಹೇಳಿಕೊಂಡಿರ್ತಾರೆ. ಕುಡಿತ, ಬಿಟ್ಟುಹೋದ ಗಂಡ, ಮದುವೆಗೆ ಮುಂಚಿನ ಬಸಿರು. ಸಭಾ ಶಿಸ್ತಿನ ಕ್ರಮಗಳು. ಇನ್ನೂ ಒಂದಿದೆ, ಅದು ಬರೀ ಮರ್ಯಾದೆ ಪ್ರಶ್ನೆ ಅಲ್ಲ. ಯಾರು ಯಾವ ಜಾತಿಯಿಂದ ಬಂದರು, ಯಾವತ್ತು ದೀಕ್ಷಾಸ್ನಾನ ಆಯಿತು ಅನ್ನೋ ವಿವರ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಕ್ರೈಸ್ತರಾದರೆ ಇಲ್ಲ. ಹಾಗಾಗಿ ಒಂದು ಚರ್ಚಿನ ಪುಸ್ತಕದ ಒಂದು ಸಾಲು ಇವತ್ತು ಯಾರದೋ ಸರ್ಟಿಫಿಕೇಟಿನ ಮೇಲೆ, ಕೆಲಸದ ಮೇಲೆ ಬೀಳಬಹುದು. ಕೇರಳದ ದೇವಿಕುಳಂ ಮೀಸಲು ಕ್ಷೇತ್ರದ ಶಾಸಕ ಎ. ರಾಜಾ ಅವರ ಆಯ್ಕೆಯನ್ನು 2023ರ ಮಾರ್ಚ್‌ನಲ್ಲಿ ಕೇರಳ ಹೈಕೋರ್ಟ್ ಅಸಿಂಧು ಮಾಡಿದಾಗ ವಾದದ ನಡುಮಧ್ಯ ಇದ್ದದ್ದು ಚರ್ಚಿನ ರಿಜಿಸ್ಟರುಗಳೇ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ ಅವರ ಆಯ್ಕೆಯನ್ನು ಎತ್ತಿಹಿಡಿಯಿತು, ಅದು ಬೇರೆ ಮಾತು. ಹಳೇ ಪುಸ್ತಕದ ಸಾಲಿಗೆ ಎಷ್ಟು ತೂಕ ಇದೆ ಅಂತ ಗೊತ್ತಾಯಿತಲ್ಲ.

ಹಾಗಾದರೆ ಸುಟ್ಟುಬಿಡೋದಾ? ಬೇಡ. ಇದಕ್ಕೆ ಪ್ರಪಂಚದ ಎಲ್ಲಾ ದಾಖಲೆಗಾರಗಳಲ್ಲೂ ಒಂದು ದಾರಿ ಇದೆ, ಬೀಗಮುದ್ರೆ. ಈ ನಂಬರಿನ ಡೈರಿಯನ್ನು ಇಂತಿಷ್ಟು ವರ್ಷ ಯಾರಿಗೂ ತೋರಿಸಬಾರದು ಅಂತ ಕೊಡುವಾಗಲೇ ಬರೆದುಕೊಡಬಹುದು. ಐವತ್ತು ವರ್ಷ, ಎಪ್ಪತ್ತೈದು ವರ್ಷ, ಅದರಲ್ಲಿರೋರ ವಯಸ್ಸು ನೋಡಿ ತೀರ್ಮಾನ. ಕವರಿಗೆ ಹಾಕಿ ಸೀಲು ಮಾಡಿ, ತೆರೆಯಬಹುದಾದ ತಾರೀಖು ಮೇಲೆ ಬರೆದರೆ ಆಯಿತು. ನಾಲ್ಕು ಡೈರಿ ಮುಚ್ಚಿಟ್ಟು ಮಿಕ್ಕದ್ದೆಲ್ಲ ತೆರೆದಿಡಬಹುದು. ಸುಟ್ಟಿದ್ದನ್ನು ಎಪ್ಪತ್ತೈದು ವರ್ಷ ಆದಮೇಲೂ ತೆರೆಯೋಕಾಗಲ್ಲವಲ್ಲ. ಅಣ್ಣಾವ್ರು ಇದಕ್ಕೆ ಒಪ್ಪಿದ್ರು, ಪೂರ್ತಿ ಅಲ್ಲ, ಒಂದು ನೋಟ್‌ಬುಕ್ಕು ಮಾತ್ರ ತಮ್ಮ ಹತ್ತಿರ ಇಟ್ಟುಕೊಂಡ್ರು. ಅದು ಅವರ ಹಕ್ಕು.

ಕಾಪಿರೈಟ್ ಬಗ್ಗೆ ಅನೇಕರಿಗೆ ಗೊಂದಲ. ಕಾಗದದ ಮಾಲೀಕತ್ವ ಬೇರೆ, ಅದರಲ್ಲಿರೋ ಬರಹದ ಹಕ್ಕು ಬೇರೆ. ನಿಮ್ಮ ಅಜ್ಜನಿಗೆ ಬಂದ ಪತ್ರ ನಿಮ್ಮ ಟ್ರಂಕಿನಲ್ಲಿದ್ದರೂ ಅದನ್ನು ಅಚ್ಚು ಹಾಕಿಸುವ ಹಕ್ಕು ಬರೆದವರ ವಾರಸುದಾರರದ್ದು. ಭಾರತದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ ಎಣಿಸಿ 60 ವರ್ಷ ಹಕ್ಕು ಇರುತ್ತೆ. ಉತ್ತಂಗಿಯವರು ತೀರಿಕೊಂಡದ್ದು 1962, ಹಾಗಾಗಿ ಅವರ ಜೀವಿತಾವಧಿಯಲ್ಲಿ ಪ್ರಕಟವಾದ ಬರಹ 2023ರ ಜನವರಿ 1ರಿಂದ ಎಲ್ಲರದ್ದು. ಯಾವತ್ತೂ ಪ್ರಕಟ ಆಗದ ಬರಹಕ್ಕೆ ಲೆಕ್ಕ ಬೇರೆ. ಸತ್ತ ಮೇಲೆ ಮೊದಲ ಸಲ ಅಚ್ಚಾದರೆ ಆ ಅಚ್ಚಾದ ವರ್ಷದಿಂದ 60. ಆದರೆ ಸಾರ್ವಜನಿಕರಿಗೆ ಪ್ರವೇಶ ಇರೋ ಲೈಬ್ರರಿ ಅಥವಾ ಸಂಸ್ಥೆಯಲ್ಲಿ ಇಟ್ಟ ಅಪ್ರಕಟಿತ ಬರಹವನ್ನು, ಬರೆದವರು ಸತ್ತು 60 ವರ್ಷ ದಾಟಿದ್ದರೆ, ಸಂಶೋಧನೆಗೆ ಪ್ರತಿ ಮಾಡಿಕೊಳ್ಳಬಹುದು ಅಂತ ಕಾಯಿದೆಯಲ್ಲೇ ವಿನಾಯಿತಿ ಇದೆ. ಮನೆಯ ಬೀರುವಿಗೆ ಈ ವಿನಾಯಿತಿ ಇಲ್ಲ. ಸಂಸ್ಥೆಗೆ ಕೊಡೋಕೆ ಇದೂ ಒಂದು ಕಾರಣ.

ಕೊಡೋದು ಎಲ್ಲಿಗೆ? ನಮ್ಮ ರಾಜ್ಯದಲ್ಲಿ ಮುಖ್ಯವಾಗಿ ಎರಡು ಜಾಗ. ಮಂಗಳೂರು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು, ಅಲ್ಲಿನ ದಾಖಲೆಗಾರದಲ್ಲಿ ಬಾಸೆಲ್ ಮಿಶನ್ ಕಾಲದ ಪುಸ್ತಕ, ಹಸ್ತಪ್ರತಿ ಇವೆ. ಕಿಟೆಲ್, ಮೋಗ್ಲಿಂಗ್ ಓಡಾಡಿದ ಜಾಗ. ಇನ್ನೊಂದು ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನ ದಾಖಲೆಗಾರ. ಚರ್ಚಿನ ಹೊರಗೆ ಅಂದ್ರೆ ಕರ್ನಾಟಕ ರಾಜ್ಯ ಪತ್ರಾಗಾರ ಇದೆ. ಡಯಾಸಿಸ್ ಆಫೀಸಿಗೆ ಕೊಡಬಹುದು, ಆದರೆ ಆಫೀಸು ಬೇರೆ, ದಾಖಲೆಗಾರ ಬೇರೆ. ಆಫೀಸಿನಲ್ಲಿ ಹೊಸ ಫೈಲು ಬಂದಾಗ ಹಳೇದಕ್ಕೆ ಜಾಗ ಇರಲ್ಲ.

ಎಲ್ಲೇ ಕೊಡಿ, ಮೊದಲು ಒಂದು ಸಲ ಹೋಗಿ ನೋಡಿ ಬನ್ನಿ. ಕ್ಯಾಟಲಾಗ್ ಇದೆಯಾ, ಓದೋಕೆ ಮೇಜು ಇದೆಯಾ, ಯಾರಾದರೂ ಒಬ್ಬರು ಅದನ್ನೇ ಕೆಲಸ ಅಂತ ನೋಡ್ಕೋತಾರಾ. ನನಗೊಂದು ಸಲ ಆದ ಅನುಭವ ಹೇಳ್ತೀನಿ, ಸಂಸ್ಥೆ ಹೆಸರು ಬೇಡ. ಒಂದು ಕುಟುಂಬ ಐದು ಪೆಟ್ಟಿಗೆ ಕೊಟ್ಟಿತ್ತು, ಏಳು ವರ್ಷದ ಮೇಲೆ ನಾನು ಕೇಳಿಕೊಂಡು ಹೋದಾಗ ಪೆಟ್ಟಿಗೆಗೆ ಕಟ್ಟಿದ ಹಗ್ಗ ಕೂಡ ಬಿಚ್ಚಿರಲಿಲ್ಲ. ಕೇಳಿದರೆ, "ಯಾವ ಆಸ್ತಿ ಪತ್ರ ಹುಡುಕ್ತಿದೀರಾ?" ಅಂತ ನನ್ನನ್ನೇ ಅನುಮಾನದಿಂದ ನೋಡಿದ್ರು. ಮಿಶನ್ ಕಾಂಪೌಂಡುಗಳ ಜಾಗದ ವ್ಯಾಜ್ಯ ಇಷ್ಟೊಂದು ಇರುವಾಗ ಹಳೇ ಕಾಗದ ಕೇಳಿದವರೆಲ್ಲ ವಕೀಲರ ಕಡೆಯವರಂತೆ ಕಾಣ್ತಾರೆ. ಅರ್ಥ ಮಾಡ್ಕೋಬಹುದು, ಆದರೆ ಅದರಿಂದ ಪ್ರಸಂಗದ ನೋಟ್‌ಬುಕ್ಕೂ ಬೀಗದೊಳಗೆ ಸೇರುತ್ತೆ.

ಅದಕ್ಕೇ ದಾನಪತ್ರ ಅಂತ ಒಂದು ಮಾಡಿಕೊಳ್ಳಿ. ಎರಡು ಪುಟ ಸಾಕು. ಪಟ್ಟಿ ಲಗತ್ತಿಸಿ. ಯಾವುದು ಮುಚ್ಚಿದ್ದು, ಎಷ್ಟು ವರ್ಷ. ಕುಟುಂಬದವರು ಯಾವಾಗ ಬೇಕಾದರೂ ನೋಡಬಹುದು, ಒಂದು ಸ್ಕ್ಯಾನ್ ಪ್ರತಿ ಕೊಡಬೇಕು, ಸಂಸ್ಥೆಗೆ ಬೇಡವಾದರೆ ತೂಕಕ್ಕೆ ಹಾಕದೆ ನಮಗೇ ವಾಪಸ್ ಕೊಡಬೇಕು. ಈ ಕೊನೇ ಮಾತು ಬರೆಸೋಕೆ ಮರೀಬೇಡಿ. ಮನೆಯ ಹಿರಿಯ ವಾರಸುದಾರರೆಲ್ಲರ ಸಹಿ ಇರಲಿ, ಇಲ್ಲದಿದ್ದರೆ ನಾಳೆ ಒಬ್ಬ ಚಿಕ್ಕಪ್ಪನ ಮಗ ಬಂದು ನನ್ನ ಕೇಳಲಿಲ್ಲ ಅಂತಾನೆ.

ಸ್ಕ್ಯಾನ್ ಮಾಡಿಬಿಟ್ಟರೆ ಮೂಲ ಬೇಡವಾ ಅಂತ ಕೇಳೋರಿದ್ದಾರೆ. ಬೇಕು. ಹಾರ್ಡ್ ಡಿಸ್ಕ್ ಐದಾರು ವರ್ಷಕ್ಕೆ ಕೈಕೊಡುತ್ತೆ, ಪೆನ್‌ಡ್ರೈವ್ ಕಥೆ ಹೇಳೋದೇ ಬೇಡ. ಮೂರು ಪ್ರತಿ ಇಡಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಊರಲ್ಲಿ. ಮೊಬೈಲಲ್ಲಿ ತೆಗೆದರೂ ಪರವಾಗಿಲ್ಲ, ನೆರಳು ಬೀಳದ ಹಾಗೆ, ಪುಟದ ನಾಲ್ಕೂ ಅಂಚು ಕಾಣೋ ಹಾಗೆ, ಖಾಲಿ ಪುಟವನ್ನೂ ಬಿಡದೆ ತೆಗೀರಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ, ಚಿತ್ರ ಕುಗ್ಗಿಸಿಬಿಡುತ್ತೆ. ಗುಂಪು ಫೋಟೋ ಇದ್ದರೆ ಮನೆಯ ಹಿರಿಯರನ್ನು ಕೂರಿಸಿ ಹೆಸರು ಕೇಳಿ ರೆಕಾರ್ಡ್ ಮಾಡಿಕೊಳ್ಳಿ, ಈ ಕೆಲಸ ಇವತ್ತೇ ಮಾಡಿ. ಕಾಗದ ಇನ್ನೂ ಹತ್ತು ವರ್ಷ ಕಾಯಬಹುದು, ಹೆಸರು ಹೇಳೋರು ಕಾಯಲ್ಲ.

ವಿದ್ಯಾನಗರದ ಮನೆಯಲ್ಲಿ ಹಾಗೇ ಆಯಿತು. ಸಂಜೆ ಹೊತ್ತಿಗೆ ಅವರ ದೊಡ್ಡಮ್ಮ, ಎಂಬತ್ತು ದಾಟಿದವರು, ಒಳಗಿಂದ ಬಂದು ಕ್ರಿಸ್ಮಸ್ ನಾಟಕದ ಪಟ್ಟಿ ಕೈಗೆ ತಗೊಂಡ್ರು. ಕನ್ನಡಕ ಸರಿ ಮಾಡಿಕೊಂಡು ಒಂದೊಂದೇ ಹೆಸರು ಓದಿದ್ರು. ಕುರುಬನ ಪಾತ್ರ ಮಾಡಿದವರು ಆಮೇಲೆ ಕಿರ್ಲೋಸ್ಕರ್ ಫ್ಯಾಕ್ಟರಿ ಸೇರಿದ್ದು, ದೇವದೂತ ಆದ ಹುಡುಗಿ ನರ್ಸ್ ಆಗಿ ಹೋದದ್ದು, ಮೂರನೇ ಜ್ಞಾನಿಗೆ ಮಾತು ಮರೆತುಹೋಗಿ ಅಜ್ಜ ಪರದೆ ಹಿಂದಿನಿಂದ ಹೇಳಿಕೊಟ್ಟದ್ದು. ನಲವತ್ತು ನಿಮಿಷ ಮಾತಾಡಿದ್ರು. "ಇದು ಇನ್ನೂ ಐತಾ" ಅಂತ ನಡುವೆ ಎರಡು ಸಲ ಕೇಳಿದ್ರು.

ಮದುವೆ ರಿಜಿಸ್ಟರ್ ಆ ವಾರವೇ ಸಭೆಗೆ ವಾಪಸ್ ಹೋಯಿತು. ಎರಡನೇ ಟ್ರಂಕಿನ ಪಟ್ಟಿ ಅಕ್ಕ ತಾವೇ ಮಾಡ್ತಿದ್ದಾರೆ, ಮನೆ ಕೆಡವೋದು ದೀಪಾವಳಿ ಆದಮೇಲೆ. ನಿಮ್ಮ ಮನೆಯಲ್ಲೂ ಇಂಥ ಟ್ರಂಕು ಇದ್ದರೆ, ಒಳಗೆ ಏನಿದೆ ಅಂತ ವಾಯ್ಸ್ ಮೆಸೇಜ್ ಕಳಿಸಿ. ಪತ್ರದ ಫೋಟೋ ಮಾತ್ರ ಕಳಿಸಬೇಡಿ, ಬೇರೆಯವರ ಹೆಸರು ಇರುತ್ತೆ.